ಮುದಗಲ್ ಹುಡುಗಿ ‘ಬ್ಯಾಡ’ ಅಂದಿದ್ಲು

ಭಾಗ 1

ಒಬ್ಬಂವ ಒಂದು ಹುಡುಗೀನ್ನ ಒಮ್ಮೆನೂ ನೋಡಿಲ್ಲ. ಆಕಿ ಬಗ್ಗೆ ಯಾರೋ ಹೇಳಿದ್ದು ಕೇಳ್ಯಾನ, ಅಷ್ಟೇ. ಅಷ್ಟಕ್ಕೇ ನಿದ್ದಿ ಹೋತು. ಈಗ ಆಗಿದ್ರ ಡಿಪಿ ನೋಡಿ ಫಾಲೋ ರಿಕ್ವೆಸ್ಟ್ ಕಳಿಸ್ತಿದ್ದ. ಆದ್ರ ಇದು 1406ರ ಸುಮಾರಿನ ಮಾತು, ಅಂವ ವಿಜಯನಗರದ ಒಂದನೇ ದೇವರಾಯ. ಹಂಗಾಗಿ ಮೊದಲು ರತ್ನದ ಸರ ಕಳಿಸಿದ. ಆಮೇಲೆ 5,000 ಕುದುರೆ ಸವಾರರನ್ನ ಕಳಿಸಿದ.

ಹುಡುಗಿ ನಮ್ಮ ಜಿಲ್ಲಾದಾಕಿನೇ. ಲಿಂಗಸುಗೂರು ತಾಲ್ಲೂಕಿನ ಮುದಗಲ್. ಪತ್ತಾರ್ ಮನಿ ಮಗಳು. ಹೆಸರು ಪರ್ತಾಲ್ ಅಂತಾರ, ಕೆಲವು ಪುಸ್ತಕದಾಗ ನೇಹಾಲ್ ಅಂತ ಅದ. ನಮ್ಮಲ್ಲಿ ಎಷ್ಟೋ ಮಂದಿ ಮುದಗಲ್ಲಿಗೆ ಮೊಹರಂ ನೋಡಾಕ ಹೋಗಿರ್ತೀವಿ, ಕೋಟೆ ಮುಂದ ರೀಲ್ಸ್ ಮಾಡಿರ್ತೀವಿ. ಈಕಿ ಕಥಿ ಮಾತ್ರ ಯಾರೂ ಹೇಳಿರಂಗಿಲ್ಲ. ಹೇಳಿದ್ರೂ ‘ಹುಡುಗಿ ಸಲುವಾಗಿ ಯುದ್ಧ ಆತು’ ಅಂತ ಒಂದೇ ಸಾಲಿನಾಗ ಮುಗಿಸ್ತಾರ. ಆ ಒಂದು ಸಾಲಿನ ಮ್ಯಾಲೇ ನನಗ ಸಿಟ್ಟು. ಅದಕ್ಕೇ ಈ ಸರಣಿ.

ಭಾಗ 2

ಕಥಿ ಎಲ್ಲಿಂದ ಬಂತು ಅಂತ ಮೊದಲು ಹೇಳಿಬಿಡ್ತೀನಿ. ಬರೆದಂವ ಫಿರಿಷ್ತಾ. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲಶಾಹಿ ಆಸ್ಥಾನದಾಗ ಇದ್ದ ಇತಿಹಾಸಕಾರ, ಬರೆದದ್ದು ಪಾರ್ಸಿಯಲ್ಲಿ, 1600ರ ಆಚೀಚೆ. ಅಂದ್ರ ಘಟನೆ ನಡೆದು ಸುಮಾರು 200 ವರ್ಷ ಆದಮ್ಯಾಲೆ. 1900ರಲ್ಲಿ ರಾಬರ್ಟ್ ಸೆವೆಲ್ ವಿಜಯನಗರದ ಬಗ್ಗೆ ಪುಸ್ತಕ ಬರೆದಾಗ ಇದನ್ನೂ ಸೇರಿಸಿದ, ಅಲ್ಲಿಂದ ಎಲ್ಲಾ ಕಡೆ ಹಬ್ಬಿತು. 200 ವರ್ಷದ ಹಿಂದಿನ ಒಂದು ಮನಿಯೊಳಗಿನ ಮಾತು ಅಂವಗ ಹೆಂಗ ಗೊತ್ತಾತು ಅಂತ ನೀವು ಕೇಳಬೇಕು, ನಾನೂ ಕೇಳ್ತೀನಿ. ಸದ್ಯ ಅಂವ ಹೇಳಿದ್ದನ್ನ ಕೇಳ್ರಿ.

ಕಾಶಿಗೆ ಹೋಗಿ ವಾಪಸ್ ಬರ್ತಿದ್ದ ಒಬ್ಬ ಮುದುಕ ಬ್ರಾಹ್ಮಣ ಮುದಗಲ್ಲಿನಾಗ ಈ ಪತ್ತಾರ್ ಮನಿಯಲ್ಲಿ ಉಳಿದ. ಹುಡುಗಿಗೆ ಸಂಗೀತ, ನೃತ್ಯ ಕಲಿಸಿದ. ಸುಮಾರು ಒಂದೂವರೆ ವರ್ಷ ಮನಿ ಮನುಷ್ಯಾನಂಗ ಇದ್ದ. ಅದಕ್ಕೂ ಮೊದಲೇ ಮನಿಯವರು ತಮ್ಮ ಜಾತಿ ಹುಡುಗನ ಜೋಡಿ ಮದುವಿ ಮಾಡಬೇಕಂತ ಇದ್ರು, ಆಕಿ ‘ಈಗ ಬ್ಯಾಡ’ ಅಂತ ಬೇಡಿಕೊಂಡು ಮುಂದಕ್ಕ ಹಾಕಿಸಿದ್ಲು. ಯಾಕ ಅಂತ ಫಿರಿಷ್ತಾ ಸರಿಯಾಗಿ ಹೇಳಂಗಿಲ್ಲ. ಇನ್ನಷ್ಟು ಕಲೀಬೇಕಿತ್ತೋ, ಆ ಹುಡುಗ ಸೇರಲಿಲ್ಲೋ, ಮನಸಿನಾಗ ಬ್ಯಾರೆ ಯಾರಾದ್ರೂ ಇದ್ರೋ. ಇದು ಆಕಿ ಹೇಳಿದ ಮೊದಲನೇ ‘ಬ್ಯಾಡ’. ಮನಿಯವರು ಕೇಳಿದ್ರು ಅನ್ನೋದು ದೊಡ್ಡ ಮಾತು.

ಆಮೇಲೆ ಆ ಗುರು ವಿಜಯನಗರಕ್ಕ ಹೋದ. ಹೋಗಿ ರಾಯನ ಮುಂದ ಈಕಿ ರೂಪ, ಹಾಡು, ಕುಣಿತ ಎಲ್ಲಾ ಬಣ್ಣಿಸಿದ.

ಇಲ್ಲಿ ಸ್ವಲ್ಪ ನಿಲ್ಲೋಣು. ಆಕಿನ್ನ ಕೇಳಿ ಹೇಳಿದ್ನಾ? ಇಲ್ಲ.

ಭಾಗ 3

ಈ ಗುರು ನನಗ ಬಾಳ ಪರಿಚಯ ಇರೋ ಮನುಷ್ಯಾ ಅನಸ್ತಾನ. ಪ್ರತಿ ಫ್ರೆಂಡ್ಸ್ ಗುಂಪಿನಾಗ ಒಬ್ರು ಇರ್ತಾರಲ್ಲ, ನಿಮ್ಮ ನಂಬರ್ ನಿಮ್ಮನ್ನ ಕೇಳದೇ ಕೊಡೋರು, ‘ನಿನ್ನ ಬಗ್ಗೆ ಬಾಳ ಚಲೋ ಹೇಳೀನಿ’ ಅನ್ನೋರು, ಅಂವರೇ ಇವರು. ಕೆಟ್ಟವರಲ್ಲ. ನಡುವೆ ನಿಂತು ಎರಡೂ ಕಡೆ ಬೇಕಾದೋರು ಆಗಬೇಕು ಅಷ್ಟೇ.

ಪಿಯು ಓದೋವಾಗ ನಮ್ಮ ಗುಂಪಿನಾಗೂ ಹಂಗೇ ಆತು. ಗೆಳತಿಯೊಬ್ಬಾಕಿ ನಂಬರ್ ಇನ್ನೊಬ್ಬಾಕಿ ಕೈಯಿಂದ ಒಬ್ಬ ಹುಡುಗಗ ಹೋತು. ಜ್ಯೂಸ್ ಅಂಗಡಿಗೆ ಕರೆದ. ಈಕಿ ಬರಂಗಿಲ್ಲ ಅಂದ್ಲು. ಅಲ್ಲಿಗೇ ಮುಗೀಬೇಕಿತ್ತು. ಅಂವಗೂ ಅಂವನ ಗೆಳೆಯಗೂ ಜಗಳ ಹತ್ತಿ ಬಸ್‌ಸ್ಟ್ಯಾಂಡ್ ಹಿಂದ ಹೊಡೆದಾಡಿದ್ರು. ಮರುದಿನ ಊರಾಗ ಸುದ್ದಿ ಏನು? ‘ಆಕಿ ಸಲುವಾಗಿ ಹೊಡೆದಾಡಿದ್ರು.’ ಹೊಡೆದಾಡಿದವರು ಮತ್ತ ಕ್ರಿಕೆಟ್ ಆಡಾಕ ಹೋದ್ರು. ಆಕಿದು ಸಂಜಿ ಟ್ಯೂಷನ್ ಬಂದ್ ಆತು. ಗೆಳತಿಯರಿಬ್ರೂ ಇವತ್ತಿಗೂ ಮಾತಾಡಂಗಿಲ್ಲ.

ಭಾಗ 4

ಗುರು ಸರ, ಉಡುಗೊರೆ ಎಲ್ಲಾ ಹೊತ್ಕೊಂಡು ವಾಪಸ್ ಮುದಗಲ್ಲಿಗೆ ಬಂದ. ರಾಣಿ ಮಾಡ್ತೀನಿ ಅಂತ ರಾಯನ ಮಾತು. ಅವ್ವ ಅಪ್ಪಗ ಖುಷಿಯೋ ಖುಷಿ. ಸರ ಕೊರಳಿಗೆ ಬಿದ್ರ ಮದುವಿ ಗಟ್ಟಿ ಆದಂಗೇ. ಅದಕ್ಕೇ ಆಕಿ ಹಿಂದ ಸರಿದ್ಲು, ಹಾಕಿಸ್ಕೊಳ್ಳಲಿಲ್ಲ.

ಆಕಿ ಕೊಟ್ಟ ಕಾರಣ ಕೇಳ್ರಿ. ಆ ಅಂತಃಪುರಕ್ಕ ಒಮ್ಮೆ ಹೋದ ಹೆಣ್ಮಗಳು ಮತ್ತ ತನ್ನ ಹತ್ತಿರದವರ ಮುಖಾ ನೋಡೋ ಹಂಗಿಲ್ಲ, ಎಷ್ಟು ಬಂಗಾರ ಕೊಟ್ರೂ ಅವ್ವ ಅಪ್ಪನ್ನ ಬಿಟ್ಟು ನಾ ಇರಂಗಿಲ್ಲ, ಅಂತ ಅತ್ಲು. ಮನಿಯವರು ಕರಗಿದ್ರು. ಗುರುನ್ನ ಮರ್ಯಾದಿಯಿಂದ ಕಳಿಸಿಕೊಟ್ರು. ಇದು ಎರಡನೇ ‘ಬ್ಯಾಡ’.

ಫಿರಿಷ್ತಾ ಇನ್ನೊಂದು ಮಾತೂ ಸೇರಸ್ತಾನ: ತಾನು ಒಬ್ಬ ಮುಸ್ಲಿಂ ರಾಜಕುಮಾರನ ಹೆಂಡ್ತಿ ಆಗ್ತೀನಿ ಅಂತ ಆಕಿ ಮನಸಿಗೆ ಮೊದಲಿನಿಂದ ಅನಸ್ತಿತ್ತಂತ. ಇದನ್ನ ನಾ ನಂಬಂಗಿಲ್ಲ. ಕಥಿ ಮುಂದ ಎಲ್ಲಿಗೆ ಹೋಗ್ತದ ಅಂತ ಗೊತ್ತಿದ್ದಂವ ಹಿಂದಕ್ಕ ಬಂದು ಹುಡುಗಿ ಬಾಯಿಗೆ ತುರುಕಿದ ಮಾತು. ಅವ್ವ ಅಪ್ಪನ ಮಾತಾದ್ರೆ ಯಾವ ಹುಡುಗಿಯಾದ್ರೂ ಹೇಳೋ ಅಂಥದ್ದು.

ರಾಯ ನಾಡು ಸುತ್ತೋ ನೆವ ಮಾಡಿಕೊಂಡು ತುಂಗಭದ್ರೆ ದಂಡಿಗೆ ಬಂದ, ಅಲ್ಲಿಂದ 5,000 ಸವಾರರನ್ನ ಮುದಗಲ್ ಕಡೆ ಬಿಟ್ಟ. ದಂಡು ಬರೋದು ಕಂಡು ಊರ ಮಂದಿ ಓಡಿಹೋದ್ರು, ಪರ್ತಾಲಳ ಮನಿಯವರೂ ಅವರ ಜೋಡಿ. ಬಂದೋರಿಗೆ ಹುಡುಗಿ ಸಿಗಲಿಲ್ಲ. ಸುಮ್ನೆ ಹೋದ್ರಾ? ದಾರಿ ಹಳ್ಳಿ ಎಲ್ಲಾ ಲೂಟಿ ಮಾಡಿದ್ರು. ಆ ಹಳ್ಳಿಯವರು ಪರ್ತಾಲಳ ಮುಖಾನೂ ನೋಡಿರಲಿಕ್ಕಿಲ್ಲ. ಬಹಮನಿ ಕಡೆಯ ಅಧಿಕಾರಿ ಫೌಲಾದ್ ಖಾನ್ ದಂಡು ಕೂಡಿಸಿ ಅವರನ್ನ ಬೆನ್ನಟ್ಟಿದ. ಮುಂದ ಸುಲ್ತಾನ ಫಿರೋಜ್ ಶಾ ಬಹಮನಿ ತಾನೇ ಹೊಂಟ, ವಿಜಯನಗರದ ತನಕ.

ಭಾಗ 5

ರಾಯ ಕಡೀಕೆ ಸಂಧಿಗೆ ಬಂದ. ಬಿಕಾಂ ಓದೋಳು ನಾನು, ಲೆಕ್ಕ ನೋಡದೇ ಬಿಡಾಕ ಆಗಂಗಿಲ್ಲ. ಫಿರಿಷ್ತಾ ಹೇಳೋ ಪ್ರಕಾರ 10 ಲಕ್ಷ ಹೊನ್ನು, 5 ಮಣ ಮುತ್ತು, 50 ಆನಿ, ಹಾಡು ಕುಣಿತ ಬಲ್ಲ ಹುಡುಗ ಹುಡುಗಿಯರು ಸೇರಿ 2,000 ಗುಲಾಮರು, ಬಂಕಾಪುರದ ಕೋಟೆ. ಮತ್ತ ರಾಯನ ಸ್ವಂತ ಮಗಳು, ಫಿರೋಜ್ ಶಾಗೆ ಹೆಂಡ್ತಿಯಾಗಿ.

ಆ ಪಟ್ಟಿ ಇನ್ನೊಮ್ಮೆ ಓದ್ರಿ. ಆನಿ, ಮುತ್ತು ಇರೋ ಸಾಲಿನಾಗೇ ಮಂದಿ ಅದಾರ. ಮದುವಿ ವಯಸ್ಸಿನ ಮಗಳಿದ್ದ ಅಪ್ಪ ಇನ್ನೊಬ್ಬರ ಮಗಳನ್ನ ಬಯಸಿದ, ಸೋತಾಗ ತನ್ನ ಮಗಳನ್ನ ಕೊಟ್ಟ. ಫಿರಿಷ್ತಾನ ಕಥಿಯಲ್ಲಿ ಈ ರಾಜಕುಮಾರಿಗೆ ಹೆಸರೂ ಇಲ್ಲ, ಮಾತೂ ಇಲ್ಲ. ಪತ್ತಾರ್ ಮನಿ ಹುಡುಗಿಗೆ ‘ಬ್ಯಾಡ’ ಅನ್ನೋ ಜಾಗ ಆದ್ರೂ ಇತ್ತು. ಅರಮನಿ ಹುಡುಗಿಗೆ ಅದೂ ಇರಲಿಲ್ಲ.

ಮದುವಿ ಜೋರಾಗೇ ಆತು. ಬೀಗತನ ಮಾತ್ರ ಬೀಳ್ಕೊಡೋ ದಿನಾನೇ ಕೆಟ್ಟಿತು. ರಾಯ ಅಳಿಯನ್ನ ಸ್ವಲ್ಪ ದೂರ ಬಿಟ್ಟು ತಿರುಗಿ ಹೋದ, ದಂಡಿನ ತನಕ ಬರಲಿಲ್ಲ ಅಂತ ಫಿರೋಜ್‌ಗೆ ಅವಮಾನ. ಕೆಲವೇ ವರ್ಷಕ್ಕ ಮತ್ತ ಯುದ್ಧ.

ಹಂಗಾದ್ರ ಜಗಳ ಹುಡುಗಿ ಸಲುವಾಗೇನಾ? ಕೃಷ್ಣಾ, ತುಂಗಭದ್ರಾ ನಡುವಿನ ನಮ್ಮ ಸೀಮಿ, ಶಾಸನದಾಗ ಎಡೆದೊರೆ ನಾಡು ಅಂತ ಕರೀತಾರಲ್ಲ, ಇದರ ಮ್ಯಾಲೆ ಎರಡೂ ರಾಜ್ಯದ ಕಣ್ಣು ಮೊದಲಿನಿಂದಲೇ ಇತ್ತು. 1366ರಲ್ಲೇ ಬುಕ್ಕರಾಯ ಮುದಗಲ್ ಕೋಟೆ ಹಿಡಿದಿದ್ದ. ಆಗ ಪರ್ತಾಲ್ ಹುಟ್ಟಿರಲಿಕ್ಕೇ ಇಲ್ಲ. ಎರೆ ಮಣ್ಣು, ಎರಡು ಹೊಳಿ, ರಾಯಚೂರು ಮುದಗಲ್ ಎರಡು ಕೋಟೆ. ಇಷ್ಟಿದ್ದ ಮ್ಯಾಲೆ ಹುಡುಗಿ ನೆವ ಬೇಕಾ? ಆದ್ರೂ ಇತಿಹಾಸದ ಪುಸ್ತಕದಾಗ ಇದಕ್ಕ ‘ಅಕ್ಕಸಾಲಿಗನ ಮಗಳ ಯುದ್ಧ’ ಅಂತ ಹೆಸರು. ಆಕಿ ಮಾಡಿದ್ದು ಇಷ್ಟೇ: ಒಂದು ಸರ ಹಾಕಿಸ್ಕೊಳ್ಳಲಿಲ್ಲ.

ಭಾಗ 6

ಆಕಿದು ಮುಂದ ಏನಾತು ಅಂತ ಡಿಎಂ ಮಾಡಿ ಕೇಳಿದ್ರಿ. ಯುದ್ಧ ಮುಗಿದಮ್ಯಾಲೆ ಫಿರೋಜ್ ಶಾ ಆಕಿನ್ನೂ ಅವ್ವ ಅಪ್ಪನ್ನೂ ಮುದಗಲ್ಲಿಂದ ಕರೆಸಿದ. ನನಗ ವಯಸ್ಸಾತು ಅಂತ ಮಗ ಹಸನ್ ಖಾನ್‌ಗೆ ಮದುವಿ ಮಾಡಿಕೊಟ್ಟ. ಆಕಿ ಅಪ್ಪಗ ಭೂಮಿ ದಾನ ಸಿಕ್ತು. 1422ರಲ್ಲಿ ಗಾದಿ ಹಸನ್ ಖಾನ್‌ಗೆ ಸಿಗಲಿಲ್ಲ, ಚಿಕ್ಕಪ್ಪ ಅಹ್ಮದ್ ಶಾ ತಗೊಂಡ. ಹಸನ್ ಭೀಮಾ ದಂಡಿ ಫಿರೋಜಾಬಾದ್ ಅರಮನಿಯಲ್ಲಿ ಬೇಟೆ, ಮೋಜು ಅಂತ ಉಳಿದ.

ಪರ್ತಾಲ್ ಆ ಮದುವಿಗೆ ಹೂಂ ಅಂದ್ಲಾ? ಎರಡು ಸಲ ಆಕಿ ಮಾತು ಬರೆದ ಫಿರಿಷ್ತಾ ಈ ಸಲ ಆಕಿನ್ನ ಕೇಳಂಗೇ ಇಲ್ಲ. ಸುಲ್ತಾನ ಏನಂದ ಅನ್ನೋದು ಅದ, ಅಪ್ಪಗ ಏನು ಸಿಕ್ತು ಅನ್ನೋದು ಅದ. ಅವ್ವನ್ನ ನೋಡಾಕ ಮುದಗಲ್ಲಿಗೆ ಒಮ್ಮೆಯಾದ್ರೂ ಬಂದ್ಲೋ ಇಲ್ಲೋ, ಅದು ಇಲ್ಲ.

#ಮುದಗಲ್ #ಮಾನ್ವಿ #ರಾಯಚೂರು #ನಮ್ಮಸೀಮಿಕಥಿ