ರಾಹುತನ ಹೆಸರು, ಕಾಸ್ತಾರನ ಕೈ: ಸವಾರಿ ಕುದುರೆಯ ಮೈ ತಿಕ್ಕುವ ಕೆಲಸದ ಚರಿತ್ರೆ

ಹಾಸನದ ಬಳಿಯ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯನ್ನು ಕಟ್ಟಿಸಿದವನು ಅರಸನಲ್ಲ, ದಂಡನಾಯಕನೂ ಅಲ್ಲ, ಒಬ್ಬ ವರ್ತಕ. ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, ಕ್ರಿ.ಶ. 1113ರ ಸುಮಾರಿಗೆ, ಕುಲ್ಲಹಣ ರಾಹುತ ಮತ್ತು ಅವನ ಹೆಂಡತಿ ಸಹಜಾದೇವಿ ಈ ನಾಲ್ಕು ಗರ್ಭಗುಡಿಗಳ ದೇವಾಲಯವನ್ನು ಎತ್ತಿಸಿದರೆಂದು ಅಲ್ಲಿನ ಶಾಸನದಿಂದ ತಿಳಿಯುತ್ತದೆ. ನೋಡಹೋದವರು ಕಾಳಿಯ ಬಾಗಿಲ ಬಳಿಯ ಎಲುಬುಗೂಡಿನ ಬೇತಾಳಗಳನ್ನು ನೆನಪಿಟ್ಟುಕೊಂಡು ಬರುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ವರ್ತಕನ ಹೆಸರಿನ ಬಾಲ. ರಾಹುತ ಎಂದರೆ ಕುದುರೆ ಸವಾರ. ಸಂಸ್ಕೃತದ ರಾಜಪುತ್ರ ಸವೆದು ಸವೆದು ರಾವುತ, ರಾಹುತ ಆಯಿತು.

ಆ ಹೆಸರೊಂದನ್ನೇ ಹಿಡಿದು ಕುಲ್ಲಹಣ ಕುದುರೆ ವ್ಯಾಪಾರಿಯೆಂದು ತೀರ್ಮಾನಿಸಲು ಬಾರದು. ಹೆಸರು ತಾತನ ಕಾಲದ್ದಿರಬಹುದು, ಬಿರುದಾಗಿರಬಹುದು. ಗುಡಿಯ ಬುಡದಲ್ಲಿ ಹಳೇಬೀಡಿನಲ್ಲಿರುವಂಥ ಕುದುರೆ ಸವಾರರ ಪಟ್ಟಿಕೆಯೂ ಇಲ್ಲ. ಆದರೂ ವರ್ತಕನೊಬ್ಬ ಸವಾರನ ಹೆಸರನ್ನು ಹೆಮ್ಮೆಯಿಂದ ಹೊತ್ತಿದ್ದ ನಾಡು ಇದು. ಹೊಯ್ಸಳರ ಕಾಲದ ಮತ್ತೊಬ್ಬ ವರ್ತಕ ಕಮ್ಮಟದ ಚಟ್ಟಿಸೆಟ್ಟಿ ಹಡಗುಗಳಲ್ಲಿ ಕುದುರೆ, ಆನೆ, ಮುತ್ತು ತರಿಸಿ ಅರಸರಿಗೆ ಮಾರುತ್ತಿದ್ದನೆಂದು ಶಾಸನವೇ ಹೇಳುತ್ತದೆ. ಕುದುರೆ ತಂದವರ ಹೆಸರು ಕಲ್ಲಿನ ಮೇಲಿದೆ, ಏರಿ ಸತ್ತವರಿಗೆ ವೀರಗಲ್ಲುಗಳಿವೆ. ಸಂಜೆ ಬೆವರಿ ಬಂದ ಕುದುರೆಯ ಬೆನ್ನು ತಿಕ್ಕಿದ ಕಾಸ್ತಾರನ, ಎಂದರೆ ಕುದುರೆಯ ಆಳಿನ, ಸುಳಿವು ಎಲ್ಲಿದೆ ಎಂಬುದೇ ಈ ಲೇಖನದ ಹುಡುಕಾಟ.

ಮೊದಲು ಕುದುರೆಯ ಬೆಲೆ. ದಕ್ಷಿಣದ ಹವೆ, ಮೇವು ಎರಡೂ ಒಳ್ಳೆಯ ತಳಿಯ ಕುದುರೆಗೆ ಒಗ್ಗುತ್ತಿರಲಿಲ್ಲ. ಹಾಗಾಗಿ ಅರಬ್ಬೀ ಸಮುದ್ರದಾಚೆಯಿಂದ ಅವು ವರ್ಷ ವರ್ಷವೂ ಬರಬೇಕಿತ್ತು. 13ನೆಯ ಶತಮಾನದ ಕೊನೆಗೆ ಮಾರ್ಕೋ ಪೋಲೋ ತಮಿಳು ಕರಾವಳಿಯ ಬಗ್ಗೆ ಬರೆಯುತ್ತ, ಅಲ್ಲಿನ ಅರಸರು ಸಾವಿರಗಟ್ಟಲೆ ಕುದುರೆ ಕೊಂಡರೂ ವರ್ಷಾಂತ್ಯಕ್ಕೆ ನೂರೂ ಉಳಿಯುವುದಿಲ್ಲ, ನೋಡಿಕೊಳ್ಳಲು ಬರುವುದಿಲ್ಲ ಎಂದು ದೂರುತ್ತಾನೆ. ಮಾರಲು ಬಂದವರ ಬಾಯಿಂದ ಕೇಳಿದ ಮಾತು ಅದು, ಪೂರ್ತಿ ನಂಬಬೇಕಾಗಿಲ್ಲ. ವಿಜಯನಗರದ ಬಗ್ಗೆ ಪೋರ್ಚುಗೀಸ್ ವರ್ತಕ ನ್ಯೂನಿಜ್ ಕೊಡುವ ಸಂಗತಿ ಇನ್ನೂ ಸೊಗಸು: ನರಸಿಂಹರಾಯ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದ. ಹಡಗಿನಲ್ಲಿ ಸತ್ತಿದ್ದರೆ ಬಾಲ ತಂದು ತೋರಿಸಿದರೆ ಸಾಕಿತ್ತು. ಇಷ್ಟು ದುಬಾರಿಯ ಪ್ರಾಣಿಯನ್ನು ಯಾರೂ ಮೈ ಕಾಯದೆ ಬಿಡುವುದಿಲ್ಲ. ನ್ಯೂನಿಜ್‌ನದೇ ಲೆಕ್ಕದಂತೆ ವಿಜಯನಗರದ ಅರಸನ ಬಳಿ ಕುದುರೆ ನೋಡಿಕೊಳ್ಳುವವರೇ 1600 ಮಂದಿ, ಪಳಗಿಸುವವರು 300.

ಕುದುರೆ ಮಾಲೀಶಿನ ಮಾತು ಬಂದಾಗಲೆಲ್ಲ ಇತ್ತೀಚೆಗೆ ಒಂದು ಸಿದ್ಧ ಉತ್ತರ ಕೇಳಿಬರುತ್ತದೆ: ಅಶ್ವಶಾಸ್ತ್ರದ ಋಷಿ ಶಾಲಿಹೋತ್ರ ಎಲ್ಲವನ್ನೂ ಆಗಲೇ ಬರೆದಿದ್ದಾನೆ. ಗ್ರಂಥಗಳನ್ನು ನಿಧಾನವಾಗಿ ಓದಿದರೆ ಚಿತ್ರ ಬೇರೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಪ್ರಕರಣವಿದೆ. ಈದ ಕುದುರೆಗೆ ಮೂರು ರಾತ್ರಿ ಒಂದೊಂದು ಪ್ರಸ್ಥ ತುಪ್ಪ, ಆಮೇಲೆ ಹಿಟ್ಟು, ಜಿಡ್ಡು ಬೆರೆಸಿದ ಮದ್ದು. ಉತ್ತಮ ಕುದುರೆಗೆ ದಿನಕ್ಕೆ ಎರಡು ದ್ರೋಣ ಧಾನ್ಯ, ಒಂದು ಪ್ರಸ್ಥ ಜಿಡ್ಡು, ಐದು ಪಲ ಉಪ್ಪು. ಮೂಗಿಗೆ ಬಿಡಲು ಬೇರೆ ಎಣ್ಣೆ. ದಿನಕ್ಕೆರಡು ಸ್ನಾನ, ಗಂಧ, ಹೂಮಾಲೆ. ವೈದ್ಯನ ಅಲಕ್ಷ್ಯದಿಂದ ರೋಗ ಉಲ್ಬಣಿಸಿದರೆ ಚಿಕಿತ್ಸೆಯ ಖರ್ಚಿನ ಎರಡರಷ್ಟು ದಂಡ. ಎಣ್ಣೆ, ತುಪ್ಪ ಧಾರಾಳವಾಗಿದೆ, ನಿಜ. ಆದರೆ ಹೊಟ್ಟೆಗೆ, ಮೂಗಿಗೆ.

ಇನ್ನೂ ಮುಖ್ಯವಾದುದು ಆ ಪ್ರಕರಣದಲ್ಲಿ ಬರುವ ಆಳುಗಳ ಪಟ್ಟಿ. ಹಗ್ಗ ಹಿಡಿಯುವವನು, ಕಟ್ಟುವವನು, ಹುಲ್ಲು ತರುವವನು, ಮೇವು ಬೇಯಿಸುವವನು, ಲಾಯ ಕಾಯುವವನು, ಕೂದಲು ಕತ್ತರಿಸುವವನು, ವಿಷವೈದ್ಯ: ಏಳು ಜನ. ಮೈ ಒತ್ತುವವನಿಗೆ ಸಂವಾಹಕ ಎಂಬ ಹೆಸರಿದೆ, ಅದೇ ಗ್ರಂಥಕ್ಕೆ ಆ ಕೆಲಸ ಗೊತ್ತಿದೆ. ಆದರೆ ಅದು ಬರುವುದು ಅರಸನ ಅಂತಃಪುರದಲ್ಲಿ, ಲಾಯದಲ್ಲಲ್ಲ.

ದೊಡ್ಡಗದ್ದವಳ್ಳಿಯ ಗುಡಿ ಎದ್ದ ಹದಿನೈದಿಪ್ಪತ್ತು ವರ್ಷಗಳೊಳಗೆ ಕಲ್ಯಾಣ ಚಾಲುಕ್ಯರ ಕಡೆಯಿಂದ ಎರಡು ಗ್ರಂಥಗಳು ಬಂದವು. ಸುಮಾರು 1125ರಲ್ಲಿ ಕೀರ್ತಿವರ್ಮ ಕನ್ನಡದಲ್ಲಿ ಗೋವೈದ್ಯ ಬರೆದ. ಅದರಲ್ಲಿ ಮದ್ದೂ ಇದೆ, ಮಂತ್ರವೂ ಇದೆ. ಅದು ದನದ ವೈದ್ಯ, ಕುದುರೆಯದಲ್ಲ. 1129ರ ಹೊತ್ತಿಗೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಮಾನಸೋಲ್ಲಾಸ ರಚಿಸಿದ. ಅದರಲ್ಲಿ ಕುದುರೆಯ ಬಣ್ಣ, ಸುಳಿ, ತಳಿ, ನಡಿಗೆ, ಕುದುರೆ ಮೇಲೆ ಕೂತು ಚೆಂಡಾಡುವ ವಾಜಿವಾಹ್ಯಾಳಿ ವಿನೋದ ಎಲ್ಲ ಬರುತ್ತವೆ. ಅಭ್ಯಂಗಕ್ಕೂ ಪ್ರತ್ಯೇಕ ಅಧ್ಯಾಯವಿದೆ. ಮತ್ತೆ ಅರಸನಿಗೇ, ಅದೂ ಭೋಗದ ಪ್ರಕರಣದಲ್ಲಿ. ಸೋಮೇಶ್ವರನ ಕುದುರೆಗಳ ಮೈಯನ್ನು ಯಾರೂ ತಿಕ್ಕುತ್ತಿರಲಿಲ್ಲವೆಂದು ಇದರಿಂದ ಹೇಳಲಾಗದು, ಬೆವರಿದ ಕುದುರೆಯನ್ನು ಒಣಗಿಸದೆ ಕಟ್ಟುವ ಲಾಯ ಎಲ್ಲಿಯೂ ಬಾಳುವುದಿಲ್ಲ. ನಾನು ಹೇಳುವುದಿಷ್ಟೆ: ಈ ಗ್ರಂಥಗಳಲ್ಲಿ ಆ ತಿಕ್ಕುವಿಕೆ ಶಾಸ್ತ್ರವಾಗಿರಲಿಲ್ಲ, ಚಿಕಿತ್ಸೆಯಾಗಿರಲಿಲ್ಲ. ಅದು ಚಾಕರಿಯಾಗಿತ್ತು. ದಿನಕ್ಕೆರಡು ಸ್ನಾನ ಎಂಬ ಒಂದು ಮಾತಿನೊಳಗೆ ಅದು ಅಡಗಿ ಕೂತಿತ್ತು.

ಮುಂದೆಯೂ ಕನ್ನಡದಲ್ಲಿ ಕುದುರೆ ಗ್ರಂಥಗಳು ಬಂದವು. ಅಭಿನವಚಂದ್ರನ ಅಶ್ವವೈದ್ಯ ಸುಮಾರು 1400ರದು, ಪದ್ಮಣ ಪಂಡಿತನ ಹಯಸಾರ ಸಮುಚ್ಚಯ ಮೈಸೂರಿನ ಚಾಮರಾಜ ಒಡೆಯರ ಕಾಲದ್ದು. ಬಹಮನಿ ಅರಸ ಅಹ್ಮದ್ ಶಾಹ ವಲಿಯ ಆಶ್ರಯದಲ್ಲಿ ಶಾಲಿಹೋತ್ರನ ಗ್ರಂಥ ಫಾರಸಿಗೂ ಹೋಯಿತು. ಹಿಂದೂಸ್ತಾನಿಯಲ್ಲಿ ಕುದುರೆ ವೈದ್ಯನಿಗೆ ಸಲೋತ್ರಿ ಎನ್ನುವುದು ಆ ಋಷಿಯ ಹೆಸರಿನಿಂದಲೇ. ಹೀಗೆ ಹೆಸರು ಹೋದ ದಾರಿಯಲ್ಲೇ ಪದಗಳು ಮರಳಿ ಬಂದವು: ಲಗಾಮು, ಜೀನು, ರಿಕಾಪು, ಸವಾರ. ಮಾಲೀಶು ಕೂಡ ಫಾರಸಿಯದೇ, ಮಾಲೀದನ್ ಎಂದರೆ ಉಜ್ಜುವುದು.

ಪದ ಹೊರಗಿನದಾದರೂ ಕೆಲಸಕ್ಕೆ ಕನ್ನಡದಲ್ಲಿ ಮಾತಿನ ಬರವಿಲ್ಲ. ಇಲ್ಲೊಂದು ಸ್ವಾರಸ್ಯವಿದೆ. ಯುರೋಪಿನಲ್ಲಿ ಮಸಾಜಿನ ವರಸೆಗಳಿಗೆ ಇಂದೂ ಬಳಕೆಯಲ್ಲಿರುವ ಫ್ರೆಂಚ್ ಹೆಸರುಗಳನ್ನು ರೂಢಿಗೆ ತಂದವನು 19ನೆಯ ಶತಮಾನದ ಡಚ್ ವೈದ್ಯ ಯೋಹಾನ್ ಗಿಯೋರ್ಗ್ ಮೆಟ್ಸ್‌ಗರ್ ಎನ್ನುತ್ತಾರೆ: ಎಫ್ಲರಾಜ್, ಪೆಟ್ರಿಸಾಜ್, ಫ್ರಿಕ್ಸಿಯೋಂ, ಟಪೋಟ್‌ಮಾಂ. ನಮ್ಮ ಅಜ್ಜಿಯರು ಕೂಸಿಗೆ ಎಣ್ಣೆ ಹಚ್ಚುವಾಗ ಮಾಡುತ್ತಿದ್ದುದು ಇದೇ ನಾಲ್ಕು: ನೀವುವುದು, ನಾದುವುದು, ತಿಕ್ಕುವುದು, ತಟ್ಟುವುದು. ರೊಟ್ಟಿಯ ಹಿಟ್ಟಿಗೂ, ಕೂಸಿನ ಬೆನ್ನಿಗೂ, ಎತ್ತಿನ ಹೆಗಲಿಗೂ ಒಂದೇ ಕ್ರಿಯಾಪದಗಳು. ಹಾಸನದ ಸೀಮೆಯಲ್ಲಿ ಈ ಕೈಕಸುಬು ಉಳಿದದ್ದು ಕುದುರೆಯ ಮೇಲಲ್ಲ, ಹಳ್ಳಿಕಾರ್ ಎತ್ತಿನ ಮೇಲೆ. ನೊಗ ಒತ್ತಿ ಬಾತ ಹೆಗಲನ್ನು ನೀವುವುದು, ಚರ್ಮ ಕೆಟ್ಟರೆ ಹೊಂಗೆ ಎಣ್ಣೆ ಹಚ್ಚುವುದು, ಸಂಕ್ರಾಂತಿಗೆ ಕೆರೆಗಿಳಿಸಿ ಹುಲ್ಲಿನ ಸಿಂಬೆಯಿಂದ ಉಜ್ಜುವುದು. ಇವನ್ನು ಯಾರೂ ಚಿಕಿತ್ಸೆ ಎಂದು ಕರೆಯಲಿಲ್ಲ.

ಕಾಸ್ತಾರನ ಕೈ ವಿವರವಾಗಿ ಕಾಗದಕ್ಕೆ ಇಳಿದದ್ದು ಅವನ ಯಜಮಾನನ ಬರಹದಲ್ಲಿ. 19ನೆಯ ಶತಮಾನದಲ್ಲಿ ಇಲ್ಲಿ ಸೇವೆಯಲ್ಲಿದ್ದ ಕ್ಯಾಪ್ಟನ್ ಎಂ. ಹೊರೇಸ್ ಹೇಯ್ಸ್ ಭಾರತದಲ್ಲಿ ಕುದುರೆ ಸಾಕುವ ಬಗ್ಗೆ ಬರೆದ ಪುಸ್ತಕದಲ್ಲಿ ಇಲ್ಲಿನ ಸೈಸರ, ಎಂದರೆ ಕಾಸ್ತಾರರ, ಕೈಮಾಲೀಶನ್ನು ಮೆಚ್ಚಿ ವಿವರಿಸುತ್ತಾನೆ. ಬರಿಯ ಬ್ರಷ್ಷಲ್ಲ: ಅಂಗೈ, ಮುಂಗೈಗಳಿಂದ ಮೈಯ ಭಾರವೆಲ್ಲ ಹಾಕಿ ತಿಕ್ಕುವುದು. ದಂಡಿನ ಕುದುರೆಗೆ ಇದು ಅಲಂಕಾರದ ಮಾತಾಗಿರಲಿಲ್ಲ. ಗುಂಡಿಗಿಂತ ಹೆಚ್ಚಾಗಿ ಬೆನ್ನುಹುಣ್ಣೇ ಕುದುರೆಯನ್ನು ಸಾಲಿನಿಂದ ಹೊರಗೆ ತಳ್ಳುತ್ತಿತ್ತು. ಅದಕ್ಕೇ ದೂರ ನಡೆದು ಬಂದ ಮೇಲೆ ಜೀನನ್ನು ಒಮ್ಮೆಲೇ ಕೀಳದೆ ಪಟ್ಟಿ ಸಡಿಲಿಸಿ ಬಿಡುವುದು, ಆಮೇಲೆ ಬೆನ್ನನ್ನು ತಟ್ಟಿ ತಿಕ್ಕಿ ರಕ್ತ ಓಡುವಂತೆ ಮಾಡುವುದು ಅಶ್ವದಳಗಳ ಕಟ್ಟಳೆಯಾಯಿತು. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ 4000 ಕುದುರೆ ಸವಾರರನ್ನು ಸಾಕಬೇಕಿತ್ತು. ಈ ಸಿಲ್ಲೇದಾರ್ ಪಡೆಯಲ್ಲಿ ಕುದುರೆ ಸವಾರನ ಸ್ವಂತದ್ದು, ಅದರ ಬೆನ್ನು ಕೆಟ್ಟರೆ ಮನೆಯ ಆಸ್ತಿಯೇ ಹೋದಂತೆ. ನೆನಪು ಉಳಿದದ್ದು ಮಾತ್ರ ಸವಾರರದೇ: 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಜೋಧಪುರದವರೊಡನೆ ಗೆದ್ದ ಮೈಸೂರು ಲ್ಯಾನ್ಸರ್ಸ್ ದಳದ ನೆನಪಿಗೆ ದಿಲ್ಲಿಯ ತೀನ್ ಮೂರ್ತಿಯಲ್ಲಿ ಪ್ರತಿಮೆಯಿದೆ.

ತಿಕ್ಕುವುದರಿಂದ ಆಗುವುದೇನು? ಕುದುರೆಗೆ ಕೊರಳೆಲುಬು (ಕಾಲರ್ ಬೋನ್) ಇಲ್ಲ. ಮುಂಗಾಲುಗಳು ಎದೆಗೂಡಿಗೆ ಅಂಟಿಕೊಂಡಿರುವುದು ಬರಿಯ ಸ್ನಾಯು, ನಾರುಗಳಿಂದ. ಇಡೀ ಮುಂಭಾಗ ಜೋಲಿಯಲ್ಲಿ ತೂಗಿದಂತೆ. ಸವಾರನ ಭಾರ ಬೀಳುವುದು ಬೆನ್ನೆಲುಬಿನ ಇಕ್ಕೆಲದ ಉದ್ದ ಸ್ನಾಯುಗಳ ಮೇಲೆ. ಜೀನು ಸರಿಹೊಂದದಿದ್ದರೆ ಹೆಗಲ ಏರಿನ ಹಿಂದೆ ಬಿಗಿತ, ಹೆಜ್ಜೆ ಗಿಡ್ಡ. ಅಲ್ಲಿ ಕೈ ಆಡಿಸಿದರೆ ಕುದುರೆ ತಲೆ ತಗ್ಗಿಸಿ ತುಟಿ ಜೋಲಿಸುತ್ತದೆ. ಇದಕ್ಕೆ ಅಳತೆಯ ಆಧಾರವೂ ಇದೆ: 1993ರಲ್ಲಿ ಫೇ ಮತ್ತು ದ ಮಜಿಯೇರ್ ಎಂಬ ಸಂಶೋಧಕರು ಫ್ರಾನ್ಸಿನ ಕಮಾರ್ಗ್ ಕುದುರೆಗಳಲ್ಲಿ, ಒಂದನ್ನೊಂದು ಹಲ್ಲಿನಿಂದ ಕೆರೆಯುವ ಹೆಗಲ ಬುಡದ ಜಾಗವನ್ನು ಕೈಯಿಂದ ಕೆರೆದಾಗ ಎದೆಬಡಿತ ಇಳಿಯುವುದನ್ನು ತೋರಿಸಿದರು. ಬೇರೆ ಕಡೆ ಕೆರೆದರೆ ಹಾಗಾಗಲಿಲ್ಲ.

ಇದಕ್ಕಿಂತ ದೊಡ್ಡ ಮಾತುಗಳನ್ನು ನಾನು ಒಪ್ಪಲಾರೆ. ಮಾಲೀಶು ಹೊಂದದ ಜೀನನ್ನು ಹೊಂದಿಸುವುದಿಲ್ಲ, ಕೆಟ್ಟ ಲಾಳವನ್ನು ನೇರ ಮಾಡುವುದಿಲ್ಲ. ಜ್ವರ, ಹೊಸ ಗಾಯ, ಹೊಟ್ಟೆಶೂಲೆ ಇದ್ದಾಗ ತಿಕ್ಕಲು ಹೋಗಬಾರದು. ಕುದುರೆ ಸಾಕುವವರು ಸೋಮವಾರದ ರೋಗ ಎನ್ನುವುದೊಂದಿದೆ: ರಜೆಯ ದಿನ ಎಂದಿನಷ್ಟೇ ಕಾಳು ತಿನ್ನಿಸಿ ಮರುದಿನ ಓಡಿಸಿದರೆ ತೊಡೆಯ ಸ್ನಾಯು ಕಲ್ಲಾಗುತ್ತದೆ, ಮೂತ್ರ ಕಪ್ಪಾಗುತ್ತದೆ. ಆಗ ಕೈ ಹಾಕಿ ನಾದಿದರೆ ನೋವೇ ಹೆಚ್ಚು, ಅಲುಗಾಡಿಸದೆ ನಿಲ್ಲಿಸಿ ವೈದ್ಯರನ್ನು ಕರೆಯಬೇಕು. ಚನ್ನರಾಯಪಟ್ಟಣದ ಹೊಲಗಳಲ್ಲಿ ಬೆಳೆಯುವ ಹುರುಳಿ ಕುದುರೆಗೆ ಒಳ್ಳೆಯ ಮೇವೇ, ಆದರೆ ದುಡಿದ ಕುದುರೆಗೆ.

ಚಾಕರಿ ಚಿಕಿತ್ಸೆಯಾದದ್ದು ತೀರ ಇತ್ತೀಚೆಗೆ, ಅದೂ ಅಮೆರಿಕದಲ್ಲಿ. ಮನುಷ್ಯರ ಕ್ರೀಡಾ ಮಾಲೀಶು ಬಲ್ಲ ಜ್ಯಾಕ್ ಮೀಗರ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಹೊತ್ತಿಗೆ ಅಮೆರಿಕದ ಸವಾರಿ ತಂಡದ ಕುದುರೆಗಳ ಮೇಲೂ ಅದನ್ನು ಪ್ರಯೋಗಿಸಿದ, ಮುಂದೆ ಪುಸ್ತಕ ಬರೆದ. ಅಲ್ಲಿಂದಾಚೆಗೆ ತರಬೇತಿ, ಪ್ರಮಾಣಪತ್ರ, ಗಂಟೆಯ ಲೆಕ್ಕದ ಶುಲ್ಕ ಬಂದವು. ಬೆಂಗಳೂರಿನ ಸವಾರ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದು, ಟೋಕಿಯೋ ಒಲಿಂಪಿಕ್ಸಿನಲ್ಲಿ 23ನೆಯವನಾಗಿ ಮುಗಿಸಿದ. ಆ ಮಟ್ಟದ ಸ್ಪರ್ಧೆಯಲ್ಲಿ ಕುದುರೆಯ ಜೊತೆಗೆ ಪಶುವೈದ್ಯ, ಲಾಳಗಾರ, ಅಂಗಮರ್ದನದ ತಜ್ಞ ಎಲ್ಲರೂ ಇರುತ್ತಾರೆ. ಸೋಮೇಶ್ವರ ತನಗಾಗಿ ಬರೆದುಕೊಂಡ ಅಧ್ಯಾಯ ಕುದುರೆಗೂ ಸಿಕ್ಕಿತು ಎನ್ನಬಹುದು.

ಹಾಸನದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ, ಚನ್ನರಾಯಪಟ್ಟಣ ದಾಟಿದ ಮೇಲೆ, ಕುಣಿಗಲ್ ಸಿಗುತ್ತದೆ. ಟಿಪ್ಪು ಕಾಲದಲ್ಲಿ ದಂಡಿಗೆ ಕುದುರೆ ಬೆಳೆಸಲು ಶುರುವಾದ ಅಲ್ಲಿನ ಕುದುರೆ ಫಾರಮ್ಮು ಆಮೇಲೆ ಕಂಪನಿ ಸರಕಾರ, ಮೈಸೂರು ಸಂಸ್ಥಾನಗಳ ಕೈ ದಾಟಿ ರೇಸಿನ ಕುದುರೆಗಳ ತಾಣವಾಯಿತು. ರೇಸಿನ ಲಾಯಗಳಲ್ಲಿ ಬೆಳಕು ಹರಿಯುವ ಮುಂಚೆ ಕೆಲಸ ಶುರು. ಓಟ ಮುಗಿಸಿ ಬಂದ ಕುದುರೆಯ ಬೆನ್ನಿನಿಂದ ಹಬೆ ಏಳುತ್ತಿರುತ್ತದೆ. ಕಾಸ್ತಾರ ಅದನ್ನು ಮೊದಲು ಸುತ್ತಾಡಿಸುತ್ತಾನೆ, ಉಸಿರು ಇಳಿಯಲು ಬಿಡುತ್ತಾನೆ, ನೀರು ಹೊಯ್ದು ಒರೆಸುತ್ತಾನೆ. ಆಮೇಲೆ ಎಡಗೈಯನ್ನು ಹೆಗಲ ಮೇಲೆ ಊರಿ, ಬಲಗೈಯನ್ನು ಕೂದಲು ಮಲಗಿದ ದಿಕ್ಕಿಗೆ ಎಳೆಯಲು ತೊಡಗುತ್ತಾನೆ.