ಹವಾನಾದ ಹಿತ್ತಲು

ಬಾಲ್ಕನಿಯ ಪೇಂಟ್ ಡಬ್ಬದಲ್ಲಿ ಟೊಮೆಟೊ ಬೆಳೆಸೋದು ನಮಗೆ ವೀಕೆಂಡ್ ಹವ್ಯಾಸ. ಕ್ಯೂಬಾದವರಿಗೆ ಅದು ಹೊಟ್ಟೆಪಾಡಾಗಿತ್ತು.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಅಲ್ಲಿಂದ ಬರುತ್ತಿದ್ದ ಡೀಸೆಲ್, ಗೊಬ್ಬರ ಎರಡಕ್ಕೂ ಬರ ಬಂತು. ಹೊಲದಲ್ಲಿ ಟ್ರ್ಯಾಕ್ಟರ್ ನಿಂತವು, ತರಕಾರಿ ಪೇಟೆಗೆ ತರೋಕೆ ಲಾರಿ ಇಲ್ಲ. 1992-93ರಲ್ಲಿ 50,000ಕ್ಕೂ ಹೆಚ್ಚು ಜನರ ನರಗಳು ಸೊರಗಿದವು; ಹಲವರ ಕಣ್ಣು ಮಂಜಾಯಿತು. ಪೌಷ್ಟಿಕಾಂಶದ ಕೊರತೆಯೇ ಮುಖ್ಯ ಕಾರಣ.

ಹವಾನಾದ ಜನ ಅಂಗಳ, ತಾರಸಿ, ಖಾಲಿ ಸೈಟು ಯಾವುದನ್ನೂ ಬಿಡಲಿಲ್ಲ. ಹಳೇ ಟೈರು, ತಗಡಿನ ಡಬ್ಬಗಳಿಗೆ ಮಣ್ಣು ತುಂಬಿ ತರಕಾರಿ ಹಾಕಿದರು. ರಾಸಾಯನಿಕ ಸಿಗದೆ ಪಾಳುಬಿದ್ದ ಹೈಡ್ರೋಪೋನಿಕ್ಸ್ ತೊಟ್ಟಿಗಳಿಗೆ ಮಣ್ಣು, ಕಾಂಪೋಸ್ಟ್ ಸುರಿದರು. ಅದೇ ‘ಆರ್ಗನೋಪೋನಿಕೋ’.

ಅಕ್ಕಿ, ಗೋಧಿಗೆ ಆಮದು ತಪ್ಪಲಿಲ್ಲ, ನಿಜ. ಆದರೆ ತಟ್ಟೆಗೆ ಸೊಪ್ಪು ಬಂತು. ಊರಲ್ಲಿ ನಾವು ಹಿತ್ತಲು ಅನ್ನೋದು ಇದನ್ನೇ. ಅಂಗಡಿ ಬಾಗಿಲು ಹಾಕಿದ ದಿನ ಅದರ ಬೆಲೆ ಗೊತ್ತಾಗುತ್ತೆ.