ಸರ್ಕಾರದ ಪಾಲು, ಊರಿನ ಪಾಲು

ನಮ್ಮ ಸಂಘದ ಡೈರಿ ಕಟ್ಟಡ ನೋಡಿದ ಹುಡುಗರು, "ಇದು ಸರ್ಕಾರದ್ದಾ, ನಮ್ದಾ?" ಎಂದು ಕೇಳುವುದುಂಟು. ಎರಡೂ ಹೌದು. ಆದರೆ ಈ ಎರಡು ಪಾಲು ಕೂಡಿದ್ದು ಸುಲಭದಲ್ಲಿ ಅಲ್ಲ. ಅದಕ್ಕೊಂದು ಹಳೆಯ ಚರಿತ್ರೆ ಇದೆ. ಅದನ್ನು ಸದಸ್ಯ ಬಾಂಧವರ ಮುಂದೆ ಇಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಸರ್. ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಆ ಕಾಲದಲ್ಲಿ ಗ್ರಾಮ ಸುಧಾರಣಾ ಯೋಜನೆ ಜಾರಿಗೆ ಬಂತು. ಊರಿಗೊಂದು ಸಮಿತಿ, ವಾರಕ್ಕೆ ಅರ್ಧ ದಿನ ಊರಿನವರೇ ಕೂಡಿ ಸಾರ್ವಜನಿಕ ಕೆಲಸ ಮಾಡಬೇಕು. ಬಾವಿ, ದಾರಿ, ಚರಂಡಿ ಇಂಥವಕ್ಕೆ ಸರ್ಕಾರ ಸಹಾಯಧನ ಕೊಡುತ್ತಿತ್ತು. ಊರು ಕೈ ಹಾಕಿದರೆ ಸರ್ಕಾರ ಕೈ ಜೋಡಿಸುವುದು ಎಂಬ ರೀತಿ ಅಂದಿನದು.

ಅದಕ್ಕೂ ಮೊದಲೇ, 1905ರಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ಮೊದಲು ಸದಸ್ಯರ ಷೇರು, ಆಮೇಲೆ ಹೊರಗಿನ ಹಣ. ಸಹಕಾರದ ಈ ಪಾಠಕ್ಕೂ ಅನುದಾನದ ಪಾಠಕ್ಕೂ ನಂಟಿದೆ.

ಸ್ವಾತಂತ್ರ್ಯ ಬಂದ ಮೇಲೆ, 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾಯಿತು. ಬ್ಲಾಕ್ ಆಫೀಸು, ಗ್ರಾಮಸೇವಕರು, ಶ್ರಮದಾನ ಎಂಬ ಮಾತುಗಳು ಆಗ ಮನೆಮಾತಾದವು. ಶಾಲೆಯ ಕೋಣೆಗೋ ರಸ್ತೆಗೋ ಹಣ ಬೇಕೆಂದರೆ ಊರು ತನ್ನ ವಂತಿಗೆ ತೋರಿಸಬೇಕಿತ್ತು. ದುಡ್ಡಿಲ್ಲದವರು ಗಾಡಿ ಕಲ್ಲು ಹೊಡೆದರು, ಮಣ್ಣು ಹೊತ್ತರು. ಅದೂ ಪಾಲೇ.

1987ರ ಜನವರಿಯಲ್ಲಿ ನಮ್ಮ ರಾಜ್ಯದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಚುನಾವಣೆ ನಡೆಯಿತು. ಕುಡಿಯುವ ನೀರಿನ ಬೋರ್‌ವೆಲ್‌ಗಳಿಂದ "ನೀರ್ ಸಾಬ್" ಎಂದೇ ಹೆಸರಾದ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ಈ ವ್ಯವಸ್ಥೆಗೆ ಜೀವ ತುಂಬಿದವರು. 1988ರಲ್ಲಿ ಅವರು ತೀರಿಕೊಂಡರು. 1989ರ ಜವಾಹರ್ ರೋಜ್‌ಗಾರ್ ಯೋಜನೆಯಿಂದ ಹಣ ನೇರ ಹಳ್ಳಿಯ ಪಂಚಾಯಿತಿಗೇ ಬರತೊಡಗಿತು. ಸಂವಿಧಾನದ 73ನೇ ತಿದ್ದುಪಡಿಯ ಬಳಿಕ 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ ಬಂತು. ಗ್ರಾಮ ಪಂಚಾಯಿತಿಗೆ ವರ್ಷಕ್ಕಿಷ್ಟು ಶಾಸನಬದ್ಧ ಅನುದಾನ ಎಂದು ಕಾನೂನೇ ಹೇಳಿತು. ಬೇಡಿ ತರುವ ಹಣ ಹಕ್ಕಿನ ಹಣವಾಯಿತು.

ಇನ್ನು ನಮ್ಮ ಕಥೆ. 2004ರಲ್ಲಿ ನಮ್ಮ ಡೈರಿ ಬಾಡಿಗೆಯ ಹೆಂಚಿನ ಮನೆಯಲ್ಲಿತ್ತು. ಮಳೆ ಬಂದರೆ ಕ್ಯಾನ್ ಮೇಲೆ ಗೋಣಿತಾಟು ಹೊದಿಸಬೇಕು. ಕಟ್ಟಡಕ್ಕೆ ಒಂದು ಸಣ್ಣ ಅನುದಾನ ಮಂಜೂರಾಯಿತು. ಊರಿನ ಪಾಲು ಇಷ್ಟು, ನಿವೇಶನದ ಪತ್ರ ಬೇಕು ಎಂಬ ಷರತ್ತು. ಜಾಗವನ್ನು ಹಿರಿಯರೊಬ್ಬರು ಬಾಯಿಮಾತಲ್ಲಿ ಕೊಟ್ಟಿದ್ದರು. "ನಾನೇ ಕೊಟ್ಟಿದ್ದೀನಲ್ಲಪ್ಪ, ಕಾಗದ ಯಾಕೆ?" ಅಂದರು. ನಾವೂ ಸುಮ್ಮನಾದೆವು. ಪಾಲಿನ ಹಣಕ್ಕೂ ಇವತ್ತು ನಾಳೆ ಅಂದೆವು. ಮಾರ್ಚ್ 31 ಬಂತು, ಹಣ ವಾಪಸ್ ಹೋಯಿತು. ತಪ್ಪು ಯಾರದೂ ಅಲ್ಲ, ನಮ್ಮದೇ.

ಆ ರಾತ್ರಿ ಸಭೆಯಲ್ಲಿ ಜಗಳವೇ ಆಯಿತು. ಕೊನೆಗೆ ಒಬ್ಬ ತಾಯಿ ಎದ್ದು, "ಬಟವಾಡೆಯಲ್ಲಿ ಲೀಟರ್‌ಗೆ ಇಷ್ಟು ಅಂತ ಹಿಡ್ಕೊಳ್ಳಿ ಸ್ವಾಮಿ, ಗೊತ್ತಾಗೋದೂ ಇಲ್ಲ" ಅಂದರು. ಹಾಗೇ ಆಯಿತು. ಹಿರಿಯರೂ ಮನಸ್ಸು ಮಾಡಿ ಸಂಘದ ಹೆಸರಿಗೆ ದಾನಪತ್ರ ರಿಜಿಸ್ಟರ್ ಮಾಡಿಸಿದರು. 2006ರಲ್ಲಿ ಮತ್ತೆ ಅರ್ಜಿ ಹಾಕಿದಾಗ ನಮ್ಮ ಪಾಲು ಬ್ಯಾಂಕಿನಲ್ಲಿತ್ತು, ಪತ್ರ ಕೈಯಲ್ಲಿತ್ತು. ಕಟ್ಟಡ ಎದ್ದಿತು. ಖರ್ಚಿನ ಲೆಕ್ಕ ಗೋಡೆಗೆ ಅಂಟಿಸಿದೆವು. ಇಂಥ ಪೈಸೆ ಎಲ್ಲಿ ಎಂದು ಕೇಳಿದವರಿಗೆ ಉತ್ತರ ಅಲ್ಲೇ ಇತ್ತು.

ಪಾಲಿನ ಈ ಪದ್ಧತಿ ಹಳತಾಗಿಲ್ಲ. 2002ರ ಸ್ವಜಲಧಾರಾ ಯೋಜನೆಯಲ್ಲಿ ಜನರ ವಂತಿಗೆ ನೂರಕ್ಕೆ 10 ಇತ್ತು. 2019ರ ಜಲಜೀವನ್ ಮಿಷನ್ ಕೂಡ ಊರೊಳಗಿನ ಕಾಮಗಾರಿಗೆ ನೂರಕ್ಕೆ 10, ಗುಡ್ಡಗಾಡು ಮತ್ತು ಪರಿಶಿಷ್ಟರು ಹೆಚ್ಚಿರುವ ಊರುಗಳಿಗೆ 5 ಎಂದು ಗೊತ್ತುಮಾಡಿತು. ಹಣ, ಸಾಮಾನು, ದುಡಿಮೆ ಯಾವುದಾದರೂ ಸರಿ. 15ನೇ ಹಣಕಾಸು ಆಯೋಗ 2021-22ರಿಂದ 2025-26ರವರೆಗೆ ಪಂಚಾಯಿತಿಗಳಿಗೆ ಕೊಡಿಸಿದ ಅನುದಾನದಲ್ಲಿ ನೂರಕ್ಕೆ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೆಂದೇ ಮೀಸಲಿತ್ತು. ಮಿಕ್ಕ 40 ಭಾಗಕ್ಕೆ ಊರಿನ ಅಗತ್ಯವೇ ಆಧಾರವಾಗಿತ್ತು.

ಆ ಅಗತ್ಯ ಯಾವುದೆಂದು ಹೇಳುವವರು ಯಾರು? ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ಕಾನೂನಿದೆ. ಡೈರಿ ಮುಂದೆ ಬೆಳಿಗ್ಗೆ ನೂರು ಜನ ನಿಲ್ಲುತ್ತೇವೆ, ಗ್ರಾಮಸಭೆಗೆ ಇಪ್ಪತ್ತು ಜನ ಹೋಗುವುದಿಲ್ಲ. ಆಮೇಲೆ ಚರಂಡಿ ಬೇಕಾದ ಬೀದಿಗೆ ಕಮಾನು ಬಂತು ಎಂದು ಕಟ್ಟೆ ಮೇಲೆ ಕೂತು ಬೈಯುತ್ತೇವೆ. ಪಾಲು ಕೊಡದ ಕೆಲಸವನ್ನು ಊರು ಕಾಯುವುದಿಲ್ಲ. ನಲ್ಲಿ ಮುರಿದರೆ "ಸರ್ಕಾರದ್ದು ಬಿಡು" ಎನ್ನುತ್ತದೆ. ನಮ್ಮ ಡೈರಿಯ ಗೋಡೆಗೆ ಈವರೆಗೆ ಒಬ್ಬರೂ ಮೊಳೆ ಹೊಡೆದಿಲ್ಲ.

ಲೀಟರ್ ಲೆಕ್ಕದಲ್ಲಿ ಕಟ್ಟಿದ ಈ ಮನೆ ಮುಂದಿನವರ ಕೈಗೆ ಹೋಗಲಿದೆ. ಅವರಿಗೆ ನಾವು ಹೇಳುವುದಿಷ್ಟೆ: ಪತ್ರ ಸರಿ ಇಟ್ಟುಕೊಳ್ಳಿ, ಪಾಲು ಮೊದಲು ಕೂಡಿಸಿ, ಲೆಕ್ಕ ಗೋಡೆಗೆ ಅಂಟಿಸಿ, ಸಭೆಗೆ ತಪ್ಪದೆ ಹೋಗಿ.